ಮಳೆಗಾಲ ಕಂಡ ಅಡುಗೆಮನೆ ತೋರಿಸಿ

ಮೊಬೈಲಿನಲ್ಲಿ ‘ಮಾಡ್ಯುಲರ್ ಕಿಚನ್’ ಅಂತ ಹುಡುಕಿದರೆ ಕುಮಟಾದವರಿಗೆ ಮೊದಲು ಸಿಗುವುದು ಹುಬ್ಬಳ್ಳಿ. ಆಮೇಲೆ ಮಡಗಾಂವ, ಆಮೇಲೆ ಮಂಗಳೂರು. ನಮ್ಮೂರಿನವರು ಎಲ್ಲೋ ಕೆಳಗೆ ಒಂದು ಮಸುಕು ಫೋಟೋ, ಮೂರು ಅಭಿಪ್ರಾಯ ಇಟ್ಟುಕೊಂಡು ಕೂತಿರುತ್ತಾರೆ. ಆ ಮೂರರಲ್ಲಿ ಎರಡನ್ನು ಮನೆಯವರೇ ಬರೆದಿರುತ್ತಾರೆ. ಅಡ್ಡಹೆಸರು ನೋಡಿದರೆ ಗೊತ್ತಾಗುತ್ತದೆ.

ಬೆಂಗಳೂರಿನ ದೊಡ್ಡ ಕಂಪನಿಯೊಂದರ ಪುಟದಲ್ಲಿ ನಮ್ಮ ಪಿನ್ ಕೋಡ್ 581343 ಹಾಕಿ ನೋಡಿದೆ. ನಿಮ್ಮ ಊರಿಗೆ ಸದ್ಯ ಬರುವುದಿಲ್ಲ ಅಂತು. ಆದರೂ ಮರುದಿನ ಫೋನ್ ಬಂತು. “ಮೇಡಂ, ನಿಮ್ಮ ಫ್ಲಾಟ್ ಎಷ್ಟನೇ ಫ್ಲೋರ್?” ಹಂಚಿನ ಮನೆ ಅಂದೆ. ಹುಡುಗಿ ಒಂದು ಗಳಿಗೆ ಸುಮ್ಮನಿದ್ದು, “ಸೀಲಿಂಗ್ ಹೈಟ್ ಎಷ್ಟು ಮೇಡಂ?” ಅಂದಳು. ಯಾವ ಕಡೆಯದು ಹೇಳಲಿ? ಗೋಡೆ ಹತ್ತಿರ ಏಳಡಿ, ನಡುವೆ ಹದಿಮೂರು.

ನಮ್ಮ ಮನೆ ಇರುವುದು ಹೆದ್ದಾರಿಯಿಂದ ಪಡುವಣಕ್ಕೆ. ರಾತ್ರಿ ಸಮುದ್ರದ ಸದ್ದು ಕೇಳುತ್ತದೆ. ಚಿರೆಕಲ್ಲಿನ ಗೋಡೆ, ಮೇಲೆ ಹಂಚು. ಅತ್ತೆ ಬಂದಾಗ ಅಡುಗೆಮನೆಯಲ್ಲಿ ಸೌದೆ ಒಲೆ ಇತ್ತಂತೆ. ಗ್ಯಾಸ್ ಬಂದ ಮೇಲೆ ಕಟ್ಟೆ ಕಟ್ಟಿಸಿದರು. ಆಮೇಲೆ ಯಾರೋ ಕಟ್ಟೆಯ ಕೆಳಗೆ ಕಪಾಟು ಮಾಡಿಕೊಟ್ಟರು. ಸಿಂಕಿನ ಕೆಳಗಿನದು ನೀರು ಕುಡಿದು ಉಬ್ಬಿತು. ಅದರ ಬದಿಯದಕ್ಕೆ ಒರಲೆ, ಅಂದರೆ ಗೆದ್ದಲು, ಹಿಡಿಯಿತು. ಕಳೆದ ಆಷಾಢದಲ್ಲಿ ಒಂದು ಬಾಗಿಲು ಕೈಗೇ ಬಂತು. ಸಾಕು, ಈ ಸಲ ಸರಿಯಾಗಿ ಮಾಡಿಸೋಣ ಅಂದರು ನಮ್ಮನೆಯವರು. ಅಂದವರು ಅವರು, ಓಡಾಡಿದವಳು ನಾನು. ಸಂಜೆ ಶಾಲೆ ಬಿಟ್ಟ ಮೇಲೆ ಪಾಠ ಹೇಳುವ ಅಕ್ಕೋರಿಗೇನು ಕೆಲಸ, ಅಲ್ವಾ?

ಈ ಕಡೆ ಅಡುಗೆಮನೆ ಮಾಡಿಕೊಡುವವರಲ್ಲಿ ಬೇರೆ ಬೇರೆ ಥರದವರಿದ್ದಾರೆ. ಮೊದಲನೆಯವರು ನಮ್ಮ ಆಚಾರಿಗಳು. ಅವರಿಗೆ ಬೋರ್ಡು ಇಲ್ಲ, ಫೋನ್ ನಂಬರ್ ಮಾತ್ರ. ಮರದ ವಿಷಯ ಅವರಷ್ಟು ಬೇರೆಯವರಿಗೆ ಗೊತ್ತಿಲ್ಲ, ಆದರೆ ಡ್ರಾಯಿಂಗ್ ಕೇಳಿದರೆ ಸಿಗರೇಟ್ ಪೊಟ್ಟಣದ ಹಿಂದೆ ಬರೆದು ಕೊಡುತ್ತಾರೆ. ಇನ್ನು ಅಲ್ಯೂಮಿನಿಯಂ ಕೆಲಸದವರು. ಕಿಟಕಿ ಮಾಡುತ್ತಿದ್ದವರೇ ಈಗ ಅಡುಗೆಮನೆಯನ್ನೂ ಮಾಡುತ್ತಾರೆ. ಪ್ಲೈವುಡ್ ಅಂಗಡಿಗೆ ಅಂಟಿಕೊಂಡೇ ‘ಇಂಟೀರಿಯರ್ಸ್’ ಅಂತ ಬೋರ್ಡು ಹಾಕಿದ ಹುಡುಗರಿದ್ದಾರೆ. ಅವರ ಹತ್ತಿರ ಲ್ಯಾಪ್‌ಟಾಪ್ ಇದೆ, ಬಣ್ಣಬಣ್ಣದ ತ್ರೀಡಿ ಚಿತ್ರ ತೋರಿಸುತ್ತಾರೆ. ಕೊನೆಗೆ ಹೊರಗಿನ ಶೋರೂಮಿನವರು. ಪೆಟ್ಟಿಗೆಗಳನ್ನೆಲ್ಲ ಕಾರ್ಖಾನೆಯಲ್ಲೇ ಮಾಡಿ, ಘಟ್ಟ ಇಳಿಸಿಯೋ ಗೋವಾದಿಂದ ತರಿಸಿಯೋ ಜೋಡಿಸಿ ಹೋಗುತ್ತಾರೆ.

ಇವರಲ್ಲಿ ಯಾರು ಗಟ್ಟಿ ಅಂತ ಗೂಗಲ್ ಹೇಳುವುದಿಲ್ಲ. ಹೇಳುವವರು ಪ್ಲೈವುಡ್ ಅಂಗಡಿಯವರು. ಯಾರು ಯಾವ ಮಾಲು ಒಯ್ಯುತ್ತಾರೆ, ಯಾರು ‘ಮೇಲೆ ಮೈಕಾ ಬರ್ತದೆ, ಒಳಗೆ ಯಾವುದಾದ್ರೂ ನಡೀತದೆ’ ಅನ್ನುತ್ತಾರೆ, ಯಾರು ಬಾಕಿ ಉಳಿಸಿಕೊಂಡು ಬೇರೆ ಅಂಗಡಿಗೆ ಹೋಗಿದ್ದಾರೆ, ಎಲ್ಲ ಅವರಿಗೆ ಗೊತ್ತು. ಸೀದಾ ಕೇಳಿದರೆ ಯಾರ ಬಗ್ಗೆಯೂ ಕೆಟ್ಟದ್ದು ಹೇಳುವುದಿಲ್ಲ, ಎಲ್ಲರೂ ಗಿರಾಕಿಗಳೇ ತಾನೆ. ನಾನು ಕೇಳಿದ್ದು ಬೇರೆ ಥರ: “ನಿಮ್ಮ ಸ್ವಂತ ಮನೆ ಅಡುಗೆಮನೆ ಮಾಡಿದ್ದು ಯಾರು?” ಈ ಪ್ರಶ್ನೆಗೆ ಸುಳ್ಳು ಹೇಳುವುದು ಕಷ್ಟ. ಗ್ರಾನೈಟ್ ಅಂಗಡಿಯಲ್ಲೂ ಇದನ್ನೇ ಕೇಳಿದೆ. ಎರಡೂ ಕಡೆ ಬಂದ ಹೆಸರು ಒಂದೇ ಆದಾಗ ಆ ನಂಬರ್ ಬರೆದುಕೊಂಡೆ.

ಆಮೇಲೆ ಎಲ್ಲರಿಗೂ ನಾನು ಹಾಕಿದ ಷರತ್ತು ಒಂದೇ. ಶೋರೂಮ್ ಬೇಡ, ಹೊಸ ಮನೆ ಫೋಟೋ ಬೇಡ. ನೀವು ಮಾಡಿದ, ಕನಿಷ್ಠ ಎರಡು ಮಳೆಗಾಲ ಕಂಡ ಅಡುಗೆಮನೆ ತೋರಿಸಿ. ಸಮುದ್ರದ ಕಡೆಯದೇ ಇರಲಿ.

ಇಷ್ಟು ಕೇಳಿದ್ದಕ್ಕೇ ಅರ್ಧ ಜನ ಮತ್ತೆ ಫೋನ್ ಮಾಡಲಿಲ್ಲ. ಒಳ್ಳೆಯದೇ ಆಯಿತು.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಆ ದಿನಗಳಲ್ಲಿ ನೆಲ ಬೆವರುತ್ತದೆ, ಗೋಡೆ ಬೆವರುತ್ತದೆ, ಉಪ್ಪಿನ ಭರಣಿ ತಳದಲ್ಲಿ ನೀರು ನಿಲ್ಲುತ್ತದೆ. ಹಾಗಾಗಿ ಬೇರೆಯವರ ಅಡುಗೆಮನೆಗೆ ಹೋದರೆ ನಾನು ಬಣ್ಣ ನೋಡಲಿಲ್ಲ. ಸಿಂಕಿನ ಕೆಳಗಿನ ಬಾಗಿಲು ತೆಗೆದು ಮೂಸಿದೆ. ಬಾಗಿಲಿನ ಕೆಳ ಅಂಚಿಗೆ ಬೆರಳು ಆಡಿಸಿದೆ. ಅಂಚಿನ ಪಟ್ಟಿ ಬಿಟ್ಟಿದೆಯೋ, ಉಬ್ಬಿದೆಯೋ ಅಲ್ಲೇ ತಿಳಿಯುತ್ತದೆ. ಕೀಲಿನ ತಿರುಪುಗಳಿಗೆ ತುಕ್ಕು ಬಂದಿದೆಯೋ ಅಂತ ಟಾರ್ಚ್ ಬಿಟ್ಟು ನೋಡಿದೆ. ಕಪಾಟಿನ ಹಿಂಬದಿ, ಗೋಡೆಗೆ ತಾಗುವ ಹಲಗೆಗೆ ಬೂಷ್ಟು ಇದೆಯಾ ಅಂತಲೂ. ಮನೆಯ ಹೆಂಗಸರು ಮೊದಲು ಮುಜುಗರಪಡುತ್ತಾರೆ. ಹತ್ತು ನಿಮಿಷ ಕಳೆದರೆ ಅವರೇ ಒಂದೊಂದೇ ಬಾಗಿಲು ತೆಗೆದು ತಮ್ಮ ಗೋಳು ತೋರಿಸುತ್ತಾರೆ. ಅಂಕೋಲಾ ಕಡೆಯ ಒಂದು ಮನೆಯಲ್ಲಿ ಮೂಲೆಯ ತಿರುಗುವ ತಟ್ಟೆ ಯಾವಾಗಲೋ ನಿಂತುಹೋಗಿತ್ತು. ಅದರ ಮೇಲೆ ಹಳೇ ಪೇಪರ್ ಒಟ್ಟಿದ್ದರು. ಆ ಮೂಲೆಯ ತಟ್ಟೆ ನನ್ನ ಪಟ್ಟಿಯಿಂದ ಅಲ್ಲೇ ಹೊರಬಿತ್ತು.

ಇನ್ನು ಹಲಗೆ. ಎಲ್ಲರೂ ‘ವಾಟರ್‌ಪ್ರೂಫ್’ ಅನ್ನುತ್ತಾರೆ. ಆ ಮಾತಿಗೆ ಬೆಲೆ ಇಲ್ಲ. ಕೇಳಬೇಕಾದ್ದು ಹಲಗೆಯ ಮೇಲೆ ಯಾವ ಐಎಸ್ (ಇಂಡಿಯನ್ ಸ್ಟ್ಯಾಂಡರ್ಡ್) ನಂಬರ್ ಒತ್ತಿದೆ ಅಂತ. ಐಎಸ್ 303 ಅಂದರೆ ಸಾಮಾನ್ಯ ಪ್ಲೈವುಡ್. ಅದರಲ್ಲೇ ಎಂಆರ್ (ಬರೀ ತೇವ ತಡೆಯುವಂಥದ್ದು), ಬಿಡಬ್ಲ್ಯೂಆರ್ (ಕುದಿನೀರು ತಡೆಯುವಂಥದ್ದು) ಅಂತ ದರ್ಜೆಗಳು. ಎಂಆರ್ ನಮ್ಮ ಅಡುಗೆಮನೆಗೆ ಉಪಯೋಗವಿಲ್ಲ. ಐಎಸ್ 710 ಅಂದರೆ ಮರೈನ್ ಪ್ಲೈ. ಅದನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟರೂ ಪದರ ಬಿಡಬಾರದು ಅಂತ ನಿಯಮ. ಹಲಗೆ ಮೇಲೆ ಐಎಸ್‌ಐ ಗುರುತಿನ ಜೊತೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ಬಿಐಎಸ್ ಕೇರ್ ಅನ್ನುವ ಆ್ಯಪಿನಲ್ಲಿ ಆ ನಂಬರ್ ಹಾಕಿದರೆ ಅದು ಯಾವ ಕಂಪನಿಯದು, ಲೈಸೆನ್ಸ್ ಚಾಲ್ತಿಯಲ್ಲಿದೆಯೋ ಇಲ್ಲವೋ ತೋರಿಸುತ್ತದೆ. ಅಂಗಡಿಯಲ್ಲೇ ನಿಂತು ನೋಡಬಹುದು. ಸುಮ್ನೆ ಅನುಮಾನ ಪಡುವುದಕ್ಕಿಂತ ಇದು ಮೇಲು.

ನಾನು ಇನ್ನೂ ಒಂದು ಕೆಲಸ ಮಾಡಿದೆ. ಪ್ರತಿಯೊಬ್ಬರ ಹತ್ತಿರವೂ ಅವರು ಹಾಕುವ ಹಲಗೆಯ ಅಂಗೈಯಗಲ ತುಂಡು ಕೇಳಿ ತಂದೆ. ಹಿಂದೆ ಪೆನ್ಸಿಲಿನಲ್ಲಿ ಗುರುತು ಬರೆದು ಬಚ್ಚಲು ಹಂಡೆಗೆ ಹಾಕಿಬಿಟ್ಟೆ. ನಮ್ಮಲ್ಲಿ ಬೆಳಿಗ್ಗೆ, ಸಂಜೆ ಹಂಡೆಗೆ ಬೆಂಕಿ ಹಾಕುತ್ತೇವೆ. ತೆಂಗಿನ ಗರಿ, ಕರಟ, ಎಲ್ಲ ಮನೆಯದೇ. ಪರೀಕ್ಷೆಗೆ ಖರ್ಚಿಲ್ಲ. ನಮ್ಮನೆಯವರು ಸ್ನಾನಕ್ಕೆ ಹೋಗಿ, “ಹಂಡೆಯಲ್ಲಿ ಎಂತದು ತೇಲ್ತಾ ಉಂಟು?” ಅಂತ ಅಲ್ಲಿಂದಲೇ ಕೂಗಿದರು. ಮರದ ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿನ ತುಂಡು ಮೊದಲ ಸಂಜೆಗೇ ನೆನೆಸಿದ ಅವಲಕ್ಕಿಯ ಹಾಗೆ ಆಗಿತ್ತು. ‘ಮರೈನೇ ಅಕ್ಕಾ, ಗ್ಯಾರಂಟಿ’ ಅಂತ ಒಬ್ಬರು ಕೊಟ್ಟದ್ದು ಪದರ ಪದರವಾಗಿ ಬಿಚ್ಚಿಕೊಂಡಿತು. ಎಚ್‌ಡಿಎಚ್‌ಎಂಆರ್ ಅನ್ನುವ ಗಟ್ಟಿ ಹಲಗೆ ಅಂಚಿನಲ್ಲಿ ಸ್ವಲ್ಪ ದಪ್ಪಗಾಗಿ ನಿಂತಿತು. ನಿಜವಾದ 710 ಹಾಗೇ ಉಳಿಯಿತು. ಆ ಬಿಚ್ಚಿಕೊಂಡ ತುಂಡನ್ನು ಒಣಗಿಸಿ ಅದನ್ನು ಕೊಟ್ಟವರಿಗೇ ವಾಪಸ್ ಕೊಟ್ಟೆ. ಅವರು ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ.

ಸ್ಟೀಲ್ ಬುಟ್ಟಿಗಳದ್ದು ಇನ್ನೊಂದು ಕಥೆ. ಅಂಗಡಿಯವರು ಅಯಸ್ಕಾಂತ ಇಟ್ಟು, “ನೋಡಿ, ಹಿಡಿಯೂದಿಲ್ಲ, ಒಳ್ಳೇ ಸ್ಟೀಲು” ಅನ್ನುತ್ತಾರೆ. ಒಳ್ಳೆಯ ದರ್ಜೆಯ 304 ಸ್ಟೀಲನ್ನೂ ಅಯಸ್ಕಾಂತ ಹಿಡಿಯುವುದಿಲ್ಲ, ಅಗ್ಗದ ದರ್ಜೆಯ 202 ಅನ್ನೂ ಹಿಡಿಯುವುದಿಲ್ಲ. 304 ರಲ್ಲಿ ನೂರಕ್ಕೆ ಕ್ರೋಮಿಯಂ ಸುಮಾರು 18, ನಿಕ್ಕಲ್ ಸುಮಾರು 8 ಭಾಗ ಇರುತ್ತದೆ. 202 ರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹಾಕಿರುತ್ತಾರೆ. ಉಪ್ಪುಗಾಳಿಗೆ ಅದು ಬೇಗ ಕಂದುಗಟ್ಟುತ್ತದೆ. ಬಿಲ್ಲಿನಲ್ಲಿ 304 ಅಂತ ಬರೆದುಕೊಡಿ ಅಂದರೆ ಅಂಗಡಿಯವರ ಮುಖ ನೋಡಿದರೇ ಗೊತ್ತಾಗುತ್ತದೆ. ಬಿಲ್ಲಿನಲ್ಲಿ ಬರೆಯದಿದ್ದ ಕಡೆ ನಾನು ತೆಗೆದುಕೊಳ್ಳಲಿಲ್ಲ. ಕೀಲು, ಡ್ರಾಯರ್ ಓಡುವ ಚಾನೆಲ್ ಮಾತ್ರ ಹೆಟ್ಟಿಚ್, ಎಬ್ಕೊ ಥರದ ಹೆಸರಿದ್ದದ್ದೇ ಇರಲಿ ಅಂತ ಮೊದಲೇ ಹೇಳಿದ್ದೆ. ಮುರಿದರೆ ಅದೇ ಅಳತೆಯದು ಮತ್ತೆ ಸಿಗುತ್ತದೆ ಅಂತ.

ಕೊಟೇಶನ್‌ಗಳು ಬಂದವು. ಒಂದರ ಪಕ್ಕ ಒಂದು ಇಟ್ಟು ನೋಡಿದರೆ ತಲೆ ತಿರುಗುತ್ತದೆ. ಒಬ್ಬರು ಚದರಡಿ ಲೆಕ್ಕ, ಇನ್ನೊಬ್ಬರು ರನ್ನಿಂಗ್ ಫೂಟ್ ಲೆಕ್ಕ. ರನ್ನಿಂಗ್ ಫೂಟ್ ಅಂದರೆ ಕಟ್ಟೆಯ ಉದ್ದ ಮಾತ್ರ. ಅದರಲ್ಲಿ ಡ್ರಾಯರ್ ಎಷ್ಟು, ಬರೀ ಬಾಗಿಲು ಎಷ್ಟು ಅಂತ ಇರುವುದೇ ಇಲ್ಲ. ಡ್ರಾಯರಿಗೆ ಖರ್ಚು ಜಾಸ್ತಿ, ಹಾಗಾಗಿ ಒಪ್ಪಿಕೊಂಡ ಮೇಲೆ ಡ್ರಾಯರುಗಳು ಒಂದೊಂದಾಗಿ ಬಾಗಿಲುಗಳಾಗುತ್ತವೆ. ನಮ್ಮದು ಎಲ್ ಆಕಾರದ ಕಟ್ಟೆ. ಒಬ್ಬರು ಮೂಲೆಯ ಎರಡು ಅಡಿಯನ್ನು ಕಟ್ಟೆಯ ಎರಡೂ ಬದಿಗಳಲ್ಲಿ ಸೇರಿಸಿ ಲೆಕ್ಕ ಹಾಕಿದ್ದರು. ನಾಲ್ಕನೇ ಕ್ಲಾಸಿಗೆ ಸುತ್ತಳತೆ ಪಾಠ ಮಾಡುವವಳ ಹತ್ತಿರ! ಶೇ. 18 ಜಿಎಸ್‌ಟಿ ಕೆಲವರದ್ದರಲ್ಲಿ ಸೇರಿದೆ, ಕೆಲವರದ್ದರಲ್ಲಿ ಕೆಳಗೆ ನಕ್ಷತ್ರ ಗುರುತು. ಗ್ರಾನೈಟು, ಟೈಲ್ಸು, ನಲ್ಲಿ, ಕರೆಂಟು, ಹಳೆಯದನ್ನು ಒಡೆದು ಹೊರಗೆ ಹಾಕುವುದು, ಇವು ಯಾರ ಲೆಕ್ಕದಲ್ಲೂ ಇರಲಿಲ್ಲ.

ಹೊರಗಿನ ಶೋರೂಮಿನ ಕಾಗದದಲ್ಲಿ ಹತ್ತು ವರ್ಷದ ವಾರಂಟಿ ಇತ್ತು. ಹಿಂದಿನ ಪುಟ ತಿರುಗಿಸಿದರೆ ನೀರು, ತೇವ, ಬೂಷ್ಟು, ಹುಳ, ತುಕ್ಕು ಇವುಗಳಿಂದಾದ ಹಾನಿಗೆ ವಾರಂಟಿ ಇಲ್ಲ ಅಂತ ಬರೆದಿದೆ. ಹಾಗಾದರೆ ಕುಮಟಾದಲ್ಲಿ ಅಡುಗೆಮನೆ ಮತ್ತೆ ಯಾತರಿಂದ ಹಾಳಾಗಬೇಕು? ಭೂಕಂಪದಿಂದಲಾ? ದೇವಿಮನೆ ಘಟ್ಟದಲ್ಲಿ ರಸ್ತೆ ಬಂದ್ ಆದ ಜುಲೈ ತಿಂಗಳಲ್ಲಿ ಒಂದು ಕೀಲು ಕಿತ್ತರೆ ಯಾರು ಬರುತ್ತಾರೆ ಅಂತ ಕೇಳಿದೆ. ಟಿಕೆಟ್ ರೈಸ್ ಮಾಡಿ, ಅಂದರೆ ದೂರು ಬರೆಸಿ, ಅಂದರು. ಅಲ್ಲಿಗೆ ಅವರ ಕಾಗದ ಮಡಚಿಟ್ಟೆ.

ನನಗೆ ನಿಜವಾಗಿ ದಾರಿ ತೋರಿಸಿದ್ದು ವಿನ್ಯಾಸದ ಮಾತುಕತೆ. ಇಂಟೀರಿಯರ್ ಹುಡುಗ ಬಂದ. ಒಳ್ಳೆಯ ಹುಡುಗ, ಪಾಪ. ನಡುವೆ ಒಂದು ದ್ವೀಪ, ಅಂದರೆ ಗೋಡೆಗೆ ತಾಗದ ಬೇರೆ ಕಟ್ಟೆ, ಮಾಡೋಣ ಅಂದ. ಆ ಜಾಗದಲ್ಲಿ ಅತ್ತೆ ಈಳಿಗೆ ಮಣೆ ಹಾಕಿಕೊಂಡು ಕೂತು ಕಾಯಿ ತುರಿಯುತ್ತಾರೆ. ಮಿಕ್ಸಿಗೆ ಕಾಯಿ ತುರಿಯುವ ಯಂತ್ರ ಬಂದಿದೆ ಅಂತ ಹೇಳಿದ. ಅತ್ತೆ ಅವನಿಗೆ ಚಹಾ ಕೊಟ್ಟು, “ಅದು ಸಾರಿಗೆ ಆಗ್ತದೆ ಮಗಾ, ಚಟ್ನಿಗೆ ಆಗೂದಿಲ್ಲ” ಅಂದರು. ನಾನು ನನ್ನ ಪ್ರಶ್ನೆ ಕೇಳಿದೆ. ಏಪ್ರಿಲ್‌ನಲ್ಲಿ ಅಳ್ವೆಕೋಡಿ, ಹಂದಿಗೋಣದ ಹೆದ್ದಾರಿ ಬದಿಯಿಂದ ನಮ್ಮ ಸಿಹಿ ಈರುಳ್ಳಿಯ ಗೊಂಚಲು ತರುತ್ತೇವೆ. ಜಡೆ ಹೆಣೆದದ್ದು. ಅದು ಗಾಳಿಯಲ್ಲಿ ತೂಗಬೇಕು. ಈ ಚಿತ್ರದಲ್ಲಿ ಎಲ್ಲಿ ತೂಗುತ್ತದೆ? ಸಾಣಿಕಟ್ಟಾದ ಹರಳುಪ್ಪು ಮೂಟೆಯಲ್ಲಿ ಬರುತ್ತದೆ, ಅದನ್ನು ಸ್ಟೀಲ್ ಬುಟ್ಟಿ ಹತ್ತಿರ ಇಟ್ಟರೆ ಬುಟ್ಟಿ ಉಳಿಯುತ್ತದಾ? ಮೀನು ಕೊಯ್ಯುವುದು ಹಿತ್ತಲ ಬಾವಿಕಟ್ಟೆ ಹತ್ತಿರ, ಹಾಗಾದರೆ ಹಿತ್ತಲ ಬಾಗಿಲಿನ ಪಕ್ಕ ಒಂದು ಸಣ್ಣ ಸಿಂಕು ಬೇಡವಾ? ಗ್ರೈಂಡರನ್ನು ದಿನಾ ಎತ್ತಿ ಇಳಿಸುವವರು ಯಾರು? ಅವನು ಎಲ್ಲ ಬರೆದುಕೊಂಡು ಹೋದ. ಮುಂದಿನ ಚಿತ್ರದಲ್ಲಿ ದ್ವೀಪ ಇರಲಿಲ್ಲ, ಆದರೆ ಈರುಳ್ಳಿಗೆ ಅಂತ ಒಂದು ಮುಚ್ಚಿದ ಡ್ರಾಯರ್ ಇತ್ತು. ಮುಚ್ಚಿಟ್ಟರೆ ವಾರದಲ್ಲಿ ಕೊಳೆಯುತ್ತದೆ.

ಎರಡೂ ಅಂಗಡಿಯವರು ಹೇಳಿದ್ದ ಆ ಆಚಾರಿ ಬಂದದ್ದು ಇದಾದ ಮೇಲೆ. ಅವರು ಚಿತ್ರ ತರಲಿಲ್ಲ. ಅತ್ತೆಯನ್ನು ಕಟ್ಟೆ ಎದುರು ನಿಲ್ಲಿಸಿ, ಮೊಣಕೈ ಮಡಚಿಸಿ, ಅಲ್ಲಿಂದ ಒಂದು ಗೇಣಿಗಿಂತ ಕಡಿಮೆ ಕೆಳಗೆ ಗೋಡೆಗೆ ಗೆರೆ ಹಾಕಿದರು. ಅಳತೆ ಮಾಡಿದರೆ 31 ಇಂಚು. ಎಲ್ಲರ ಡ್ರಾಯಿಂಗಿನಲ್ಲೂ 34 ಇತ್ತು. ನನಗೆ 34 ಸರಿ, ಅತ್ತೆಗೆ ಭುಜ ನೋವು ಬರುವ ಎತ್ತರ. “ಒಲೆ ಇಡೂ ಕಡೆ ಮೂರಿಂಚು ತಗ್ಗಿಸ್ವ, ಸಿಂಕಿನ ಕಡೆ ನಿಮ್ಮ ಅಳತೆ ಇರ್ಲಿ ಅಕ್ಕೋರೆ” ಅಂದರು. ಯಾವ ಕಂಪನಿಯೂ ಇದನ್ನು ಹೇಳಿರಲಿಲ್ಲ.

ಆಮೇಲೆ ಅವರೇ ಹೇಳಿದ್ದು, ಕೆಳಗೆ ಪ್ಲೈವುಡ್ಡೇ ಬೇಡ ಅಂತ. ಕಡಪಾ ಕಲ್ಲಿನ ಚಪ್ಪಡಿ ನಿಲ್ಲಿಸಿ ಖಾನೆ ಮಾಡುವುದು, ಮುಂದೆ ಮರದ ಚೌಕಟ್ಟು ಹೊಡೆದು ಅದಕ್ಕೆ ಬಾಗಿಲು ಕೂರಿಸುವುದು. ನೆಲ ಎಷ್ಟು ಬೆವರಿದರೂ ಕಲ್ಲಿಗೆ ಏನಾಗಬೇಕು? ಒರಲೆ ಕಲ್ಲು ತಿನ್ನುವುದಿಲ್ಲ. ಮೇಲಿನ ಕಟ್ಟೆಗೆ ಮಾತ್ರ ಕಡಪಾ ಬೇಡ, ಗ್ರಾನೈಟ್ ಹಾಕಿ ಅಂದರು. ಕಡಪಾ ಸುಣ್ಣಕಲ್ಲಿನ ಜಾತಿ. ಲಿಂಬೆ, ಮುರುಗಲು, ಹುಣಸೆ ಬಿದ್ದಲ್ಲಿ ಹೊಳಪು ಹೋಗಿ ಬಿಳಿ ಕಲೆ ಆಗುತ್ತದೆ. ಗ್ರಾನೈಟ್‌ಗೆ ಹುಳಿಯ ಭಯ ಇಲ್ಲ. ಕಲ್ಲಿನ ಖಾನೆಗೂ ಒಂದು ತೊಂದರೆ ಇದೆ. ಕಲ್ಲಿಗೆ ತಿರುಪು ಹೊಡೆಯಲು ಆಗದ್ದರಿಂದ ಚೌಕಟ್ಟು ಜಾಗ ತಿನ್ನುತ್ತದೆ, ಎಳೆಯುವ ಡ್ರಾಯರ್ ಕೂರಿಸುವುದು ಕಷ್ಟ. ಅದಕ್ಕೆ ಒಂದೇ ಒಂದು ಖಾನೆಯನ್ನು 18 ಎಂಎಂ 710 ಪ್ಲೈನಲ್ಲಿ, ನೆಲದಿಂದ ನಾಲ್ಕಿಂಚು ಎತ್ತರದ ಪಿವಿಸಿ ಕಾಲಿನ ಮೇಲೆ ಮಾಡಿಸಿದೆವು. ಚಮಚ, ಸೌಟು, ಸಾಂಬಾರ ಡಬ್ಬಿ ಅದರಲ್ಲೇ.

ಬಾಗಿಲುಗಳಿಗೆ ಮನೆಯ ಅಟ್ಟದಲ್ಲಿ ಹಲಸಿನ ಹಲಗೆ ಇತ್ತು. ಮಾವನವರ ಕಾಲದಲ್ಲಿ ಗಾಳಿಗೆ ಬಿದ್ದ ಮರ, ಕೊಯ್ಯಿಸಿ ಒಣಗಲು ಹಾಕಿದ್ದು. ಇಷ್ಟು ವರ್ಷ ಒಣಗಿದ್ದು ಅಂಗಡಿಯಲ್ಲಿ ಎಲ್ಲಿ ಸಿಗಬೇಕು? ಹೊಸದಾಗಿ ಕೊರೆದಾಗ ಹಳದಿ, ದಿನ ಹೋದಂತೆ ಕೆಂಪು ಕಂದು. ಗೋಡೆಯ ಮೇಲಿನ ಕಪಾಟು ಮಾತ್ರ ಅಲ್ಯೂಮಿನಿಯಂ, ಪೌಡರ್ ಕೋಟಿಂಗ್ ಮಾಡಿದ್ದು, ಕುಮಟಾದವರೇ ಮಾಡಿಕೊಟ್ಟರು. ಅಲ್ಯೂಮಿನಿಯಂ ನೋಡಲು ಚಂದ ಇಲ್ಲ ಅಂತ ತಂಗಿ ಹೇಳಿದಳು. ಬಾಗಿಲು ಹಾಕಿದರೆ ತಗಡಿನ ಸದ್ದೂ ಬರುತ್ತದೆ. ಇರಲಿ, ಹಂಚಿನ ಸಂದಿನಲ್ಲಿ ಹನಿ ಬಿದ್ದರೆ ಒರೆಸಿದರಾಯಿತು. ಇನ್ನು ಸಿಲಿಂಡರ್ ಖಾನೆ. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ತಳದಲ್ಲೇ ನಿಲ್ಲುತ್ತದೆ. ಅದಕ್ಕೆ ಆ ಬಾಗಿಲಿನ ಕೆಳಭಾಗದಲ್ಲಿ ಜಾಲಿ ಇಡಿಸಿದೆ. ಅಡುಗೆಮನೆ ಮಾಡುವ ಯಾರೇ ಆಗಲಿ ಇದನ್ನು ಮರೆತರೆ ನೀವೇ ನೆನಪು ಮಾಡಿ.

ಕೆಲಸ ಬೇಸಿಗೆ ರಜೆಯಲ್ಲಿ ನಡೆಯಿತು. ಮೃಗಶಿರ ಮಳೆ ಹಿಡಿಯುವ ಮೊದಲು ಪಾಲಿಶ್ ಮುಗಿಯಬೇಕು, ಇಲ್ಲದಿದ್ದರೆ ಒಣಗುವುದಿಲ್ಲ ಅಂತ ಆಚಾರಿಯೇ ಅವಸರ ಮಾಡಿದರು. ಅವಸರ ಮಾಡಿದವರೇ ಊರಲ್ಲಿ ಯಕ್ಷಗಾನದ ಆಟ ಇದ್ದ ಮರುದಿನ ಹನ್ನೊಂದಕ್ಕೆ ಬರುತ್ತಿದ್ದರು, ಕಣ್ಣು ಕೆಂಪು. ನಾನೂ ಆಟ ನೋಡಿ ಬಂದವಳೇ ಆದ್ದರಿಂದ ಹೆಚ್ಚು ಮಾತಾಡಲು ಆಗಲಿಲ್ಲ.

ದುಡ್ಡಿನ ವಿಷಯ ಮೊದಲೇ ಬರೆದುಕೊಂಡಿದ್ದೆವು. ಮುಂಗಡ ಸ್ವಲ್ಪ, ಮಾಲು ಅಂಗಳಕ್ಕೆ ಬಂದು ನಾನು ಐಎಸ್ ಗುರುತು ನೋಡಿದ ಮೇಲೆ ಇನ್ನಷ್ಟು, ಬಾಗಿಲು ಕೂರಿಸಿದ ಮೇಲೆ ಉಳಿದದ್ದು. ಅದರಲ್ಲಿ ಹತ್ತರಲ್ಲೊಂದು ಪಾಲು ಚೌತಿ ಕಳೆದ ಮೇಲೆ. ಮಳೆಗೆ ಬಾಗಿಲು ಹಿಗ್ಗಿ ಬಿಗಿಯಾದರೆ ಬಂದು ಉಜ್ಜಿಕೊಡಬೇಕು ಅಂತ ಮಾತು. ಶೋರೂಮಿನವರು ಇದಕ್ಕೆ ಒಪ್ಪುವುದಿಲ್ಲ. ಆಚಾರಿ ನಕ್ಕು, “ದುಡ್ಡು ಇಟ್ಕೊಳ್ದೇ ಇದ್ರೂ ಬರ್ತೆ, ನಮ್ಮನೆ ಇಲ್ಲೇ ಅಲ್ವ” ಅಂದರು. ಜುಲೈನಲ್ಲಿ ಎರಡು ಬಾಗಿಲು ಬಿಗಿಯಾದವು. ಫೋನ್ ಮಾಡಿದ ಸಂಜೆಯೇ ಕೀಸುಳಿ ಹಿಡಿದು ಬಂದರು.

ಅವರ ನಂಬರ್ ಕೊಡಿ ಅಂತ ಕೇಳುವವರಿಗೆ: ಇಲ್ಲಿ ಹಾಕುವುದಿಲ್ಲ. ಗಣಪತಿ ಮಾಡುವ ದಿನಗಳಲ್ಲಿ ಅವರು ಫೋನೇ ಎತ್ತುವುದಿಲ್ಲ, ಬೈಗುಳ ನನಗೆ ಬರುತ್ತದೆ. ನಿಮ್ಮೂರಿನ ಪ್ಲೈವುಡ್ ಅಂಗಡಿಗೆ ಹೋಗಿ ನಾನು ಕೇಳಿದ ಪ್ರಶ್ನೆ ಕೇಳಿ. ಹೊನ್ನಾವರ, ಅಂಕೋಲಾ, ಕಾರವಾರ ಎಲ್ಲ ಕಡೆಯೂ ಇಂಥವರು ಇದ್ದೇ ಇದ್ದಾರೆ.

ಚಿಮಣಿ ಮಾತ್ರ ಇನ್ನೂ ಆಗಿಲ್ಲ. ಕೊಳವೆಯನ್ನು ಹಂಚು ತೂತು ಮಾಡಿ ಮೇಲೆ ಬಿಡಬೇಕು ಅಂತ ಅಂಗಡಿಯವರು, ಹಂಚು ಮುಟ್ಟಿದರೆ ಸೋರುತ್ತದೆ, ಗೋಡೆಯಲ್ಲೇ ಬಿಡಿ ಅಂತ ಆಚಾರಿ. ಗೋಡೆಯ ಆಚೆ ಅತ್ತೆ ಹಪ್ಪಳ ಒಣಗಿಸುವ ಜಾಗ. ಅಲ್ಲಿಗೆ ಬಂಗಡೆ ಹುರಿದ ಹೊಗೆ ಬಿಡಲು ಅವರು ಒಪ್ಪುತ್ತಿಲ್ಲ. ಸದ್ಯಕ್ಕೆ ಕಿಟಕಿ ತೆಗೆದಿಡುತ್ತಿದ್ದೇವೆ.